ಮನೆಯಲ್ಲೇ ಜರ್ಮನ್ ಸಕ್ಕರೆ ಬಾದಾಮಿ: ಪಾಕ ಮರಳಾಗುವವರೆಗೆ, ಮರಳು ಮತ್ತೆ ಕರಗುವವರೆಗೆ

ಪಾಕ ಮರಳುಗಟ್ಟಿತು ಅಂದರೆ ನಮ್ಮ ಅಡುಗೆಮನೆಗಳಲ್ಲಿ ಮೈಸೂರು ಪಾಕೋ ಬರ್ಫಿಯೋ ಕೆಟ್ಟಿತೆಂದೇ ಲೆಕ್ಕ. ಜರ್ಮನಿಯ ಗೆಬ್ರಾಂಟೆ ಮಾಂಡೆಲ್ನ್‌ಗೆ ಮಾತ್ರ ಪಾಕ ಮರಳಾಗಲೇಬೇಕು. ಸಿಪ್ಪೆ ಸಹಿತ ಬಾದಾಮಿಯನ್ನು ಸಕ್ಕರೆ, ನೀರು, ಚಕ್ಕೆಪುಡಿಯ ಜೊತೆ ಕುದಿಸಿ, ಆ ಪಾಕ ಒಣಗಿ ಬಿಳಿ ಪುಡಿಯಾದ ಮೇಲೆ ಅದನ್ನೇ ಮತ್ತೆ ಅರೆಬರೆ ಕರಗಿಸಿ ಬಾದಾಮಿಗೆ ಹತ್ತಿಸುವುದು ಇದರ ಕ್ರಮ. 1434ರಲ್ಲಿ ಶುರುವಾದ ಡ್ರೆಸ್ಡನ್‌ನ ಸ್ಟ್ರೀಟ್ಸೆಲ್ ಮಾರ್ಕ್ಟ್, ನ್ಯೂರೆಂಬರ್ಗ್‌ನ ಕ್ರಿಸ್‌ಮಸ್ ಸಂತೆ, ಮ್ಯೂನಿಕ್‌ನ ಅಕ್ಟೋಬರ್‌ಫೆಸ್ಟ್, ಎಲ್ಲಿ ಹೋದರೂ ಇದರ ಅಂಗಡಿ ಕಣ್ಣಿಗಿಂತ ಮೊದಲು ಮೂಗಿಗೆ ಸಿಗುತ್ತದೆ. ಅಲ್ಲಿ ತಾಮ್ರದ ದೊಡ್ಡ ಕಡಾಯಿಯಲ್ಲಿ ಬಾದಾಮಿ ತಿರುಗುತ್ತಲೇ ಇರುತ್ತದೆ. ಬಿಸಿ ಬಿಸಿಯಾಗಿ ಕಾಗದದ ಪೊಟ್ಟಣಕ್ಕೆ ತುಂಬಿ ಕೊಡುತ್ತಾರೆ. ಮನೆಯಲ್ಲಿ ಒಂದು ಬಾಣಲೆ, ಒಂದು ಮರದ ಸೌಟು ಸಾಕು. ಸುಮಾರು ಕಾಲು ಗಂಟೆ ಒಲೆ ಬಿಟ್ಟು ಅಲುಗಬಾರದು, ಅಷ್ಟೇ.

ಅಳತೆ ಹೀಗೆ: ಬಾದಾಮಿ 200 ಗ್ರಾಂ, ಸಕ್ಕರೆ 200 ಗ್ರಾಂ, ನೀರು 100 ಮಿ.ಲೀ., ಚಕ್ಕೆಪುಡಿ ಒಂದು ಟೀ ಚಮಚ, ಚಿಟಿಕೆ ಉಪ್ಪು, ಕೊನೆಗೆ ಉದುರಿಸಲು ಸುಮಾರು 8 ಗ್ರಾಂ ವೆನಿಲಾ ಸಕ್ಕರೆ. ಜರ್ಮನಿಯಲ್ಲಿ ವೆನಿಲಾ ಸಕ್ಕರೆಯ ಸಣ್ಣ ಪೊಟ್ಟಣದಲ್ಲಿ ಇರುವುದೇ ಅಷ್ಟು. ಅದು ಸಿಗದಿದ್ದರೆ ಎರಡು ಟೀ ಚಮಚ ಸಕ್ಕರೆಗೆ ನಾಲ್ಕು ಹನಿ ವೆನಿಲಾ ಎಸೆನ್ಸ್ ಹಾಕಿ ಬೆರಳಲ್ಲಿ ಉಜ್ಜಿಟ್ಟುಕೊಳ್ಳಿ. ಸಿಹಿ ಹೆಚ್ಚೆನಿಸುವವರು ಸಕ್ಕರೆಯನ್ನು 150 ಗ್ರಾಂಗೆ ಇಳಿಸಬಹುದು. ಅದಕ್ಕಿಂತ ಕಡಿಮೆಯಾದರೆ ಬಾದಾಮಿಯ ಮೈಯೆಲ್ಲ ಮುಚ್ಚುವುದಿಲ್ಲ, ಅಲ್ಲಲ್ಲಿ ಬೋಳಾಗಿ ಉಳಿಯುತ್ತದೆ.

ಬಾದಾಮಿಯ ಸಿಪ್ಪೆ ತೆಗೆಯಬೇಡಿ. ಸಿಪ್ಪೆಯ ಸುಕ್ಕುಗಳಲ್ಲೇ ಸಕ್ಕರೆ ಹಿಡಿದು ನಿಲ್ಲುವುದು. ಸುಲಿದ ಬಾದಾಮಿಯ ನುಣುಪು ಮೈಯಿಂದ ಅದು ಹಪ್ಪಳದಂತೆ ಎದ್ದು ಬರುತ್ತದೆ. ನೆನೆಸುವುದೂ ಬೇಡ. ಅಂಗಡಿಯಲ್ಲಿ ಸಿಗುವ ಸಾಧಾರಣ ಬಾದಾಮಿಯೇ ಇದಕ್ಕೆ ಒಳ್ಳೆಯದು. ಮಮ್ರಾ ಬಾದಾಮಿಗೆ ದುಬಾರಿ ಬೆಲೆ ತೆತ್ತು ಸಕ್ಕರೆಯಲ್ಲಿ ಮುಚ್ಚುವುದರಲ್ಲಿ ಅರ್ಥವಿಲ್ಲ, ಅದರ ಗಾತ್ರವೂ ಒಂದೇ ಸಮ ಇರುವುದಿಲ್ಲ.

ಬೆಲ್ಲ, ಜೇನು, ನಿಂಬೆರಸ ಇದರ ಹತ್ತಿರವೂ ಸುಳಿಯಬಾರದು. ಬೆಲ್ಲ ಮತ್ತು ಜೇನಿನಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಇರುತ್ತವೆ. ಹುಳಿ ಬಿದ್ದರೆ ಸಕ್ಕರೆಯೂ ಒಡೆದು ಅದೇ ಆಗುತ್ತದೆ. ಇವು ಸಕ್ಕರೆ ಹರಳುಗಟ್ಟುವುದನ್ನು ತಡೆಯುತ್ತವೆ. ಜಾಮೂನಿನ ಪಾಕ ಗಟ್ಟಿಯಾಗದಿರಲೆಂದು ನಿಂಬೆಹನಿ ಹಿಂಡುವುದು ಇದೇ ಕಾರಣಕ್ಕೆ. ಇಲ್ಲಿ ನಮಗೆ ಬೇಕಾದದ್ದು ಅದರ ವಿರುದ್ಧ.

ಪಾತ್ರೆ ಅಗಲವಾಗಿ, ತಳ ದಪ್ಪವಾಗಿ ಇರಲಿ. 26ರಿಂದ 28 ಸೆಂ.ಮೀ. ಅಗಲದ ದಪ್ಪ ಬಾಣಲೆ ಈ ಅಳತೆಗೆ ಸರಿ. ತೆಳು ಸ್ಟೀಲ್ ಪಾತ್ರೆಯಲ್ಲಿ ಒಂದು ಕಡೆ ಸೀಯುವಾಗ ಇನ್ನೊಂದು ಕಡೆ ಸಕ್ಕರೆ ಕರಗಿರುವುದೇ ಇಲ್ಲ. ಕಪ್ಪು ನಾನ್‌ಸ್ಟಿಕ್‌ನಲ್ಲೂ ಮಾಡಬಹುದು, ಆದರೆ ಸಕ್ಕರೆ ಎಷ್ಟು ಕಂದಾಯಿತೆಂದು ಕಾಣುವುದಿಲ್ಲ. ತಿಳಿಬಣ್ಣದ ತಳವಿದ್ದರೆ ಅರ್ಧ ಕೆಲಸ ಕಣ್ಣೇ ಮಾಡುತ್ತದೆ. ಒಲೆ ಹಚ್ಚುವ ಮೊದಲೇ ಒಂದು ದೊಡ್ಡ ಟ್ರೇಗೆ ಬೇಕಿಂಗ್ ಪೇಪರ್ ಹಾಸಿ, ಪಕ್ಕದಲ್ಲಿ ಎರಡು ಫೋರ್ಕ್ ಇಟ್ಟುಕೊಳ್ಳಿ. ಮೇಣ ಹಚ್ಚಿದ ಕಾಗದ ಆಗುವುದಿಲ್ಲ, ಬಿಸಿಗೆ ಮೇಣ ಕರಗಿ ಬಾದಾಮಿಗೆ ಅಂಟುತ್ತದೆ. ಬೇಕಿಂಗ್ ಪೇಪರ್ ಇಲ್ಲದಿದ್ದರೆ ತುಪ್ಪ ಸವರಿದ ಸ್ಟೀಲ್ ತಟ್ಟೆ ಸಾಕು.

ಈಗ ಒಲೆ. ಬಾಣಲೆಗೆ ನೀರು, ಸಕ್ಕರೆ, ಉಪ್ಪು, ಅರ್ಧ ಚಮಚ ಚಕ್ಕೆಪುಡಿ ಹಾಕಿ ದೊಡ್ಡ ಉರಿಯಲ್ಲಿ ಕುದಿ ಬರಿಸಿ. ಸಕ್ಕರೆ ಕರಗಿದ ಕೂಡಲೇ ಬಾದಾಮಿ ಸುರಿಯಿರಿ. ಮೊದಲ ಎರಡು ಮೂರು ನಿಮಿಷ ಆಗಾಗ ಕೈಯಾಡಿಸಿದರೆ ನಡೆದೀತು. ನೀರು ಆರುತ್ತ ಬಂದಂತೆ ಸಣ್ಣ ಗುಳ್ಳೆಗಳು ದೊಡ್ಡವಾಗಿ, ನಿಧಾನವಾಗಿ ಒಡೆಯತೊಡಗುತ್ತವೆ. ಪಾಕ ಸೌಟಿನಿಂದ ದಾರವಾಗಿ ಇಳಿಯುತ್ತದೆ. ಅಲ್ಲಿಂದ ಕೈ ನಿಲ್ಲಿಸಬೇಡಿ, ಉರಿ ಮಧ್ಯಮಕ್ಕೆ ತನ್ನಿ. ನೀರು ಕಡಿಮೆಯಾದ ಪಾಕಕ್ಕೆ ಅಷ್ಟೂ ಸಕ್ಕರೆಯನ್ನು ಕರಗಿಸಿ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ, ಸೌಟಿನ ಓಡಾಟವೇ ಹರಳು ಹುಟ್ಟಿಸುತ್ತದೆ. ಕಲಕಿದಷ್ಟೂ ಹರಳು ಸಣ್ಣ, ಹೊದಿಕೆ ಒಂದೇ ಸಮ.

ಕುದಿ ಬಂದು ಆರೆಂಟು ನಿಮಿಷಕ್ಕೆ, ಕಣ್ಣೆದುರೇ, ಹೊಳೆಯುತ್ತಿದ್ದ ಪಾಕ ಮಂಕಾಗಿ ಬೆಳ್ಳಗಾಗುತ್ತದೆ. ಇನ್ನರ್ಧ ನಿಮಿಷದಲ್ಲಿ ಬಾಣಲೆಯಲ್ಲಿ ಒದ್ದೆ ಅನ್ನುವುದೇ ಉಳಿಯುವುದಿಲ್ಲ: ಬೂದಿಬಣ್ಣದ ಒರಟು ಬಾದಾಮಿ, ತಳದಲ್ಲಿ ಸಕ್ಕರೆಪುಡಿ, ಸೌಟು ಆಡಿಸಿದರೆ ಗರಗರ ಸದ್ದು. ಮೊದಲ ಸಲ ಮಾಡುವವರು ಬಹುತೇಕ ಇಲ್ಲೇ ಎದೆಗುಂದಿ ನೀರು ಸುರಿಯುತ್ತಾರೆ, ಇಲ್ಲವೇ ಒಲೆ ಆರಿಸುತ್ತಾರೆ. ಎರಡೂ ಬೇಡ. ಸಂಕ್ರಾಂತಿಯ ಕುಸುರೆಳ್ಳಿನಲ್ಲೂ ಎಳ್ಳಿನ ಮೇಲೆ ಸಕ್ಕರೆ ಹೀಗೆಯೇ ಹರಳುಗಟ್ಟುವುದು. ಅಲ್ಲಿ ಪಾಕವನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ಬೆಳೆಸಿ, ಹರಳಾದಲ್ಲಿಗೆ ನಿಲ್ಲಿಸುತ್ತೇವೆ. ಇಲ್ಲಿ ನಿಲ್ಲಿಸುವ ಹಾಗಿಲ್ಲ.

ಉರಿಯನ್ನು ಮಧ್ಯಮಕ್ಕಿಂತ ಒಂದಿಷ್ಟು ತಗ್ಗಿಸಿ ಕಲಕುತ್ತ ಹೋಗಿ. ಈಗ ಆಗಬೇಕಾದದ್ದು ಎರಡು ಕೆಲಸ: ಬಾದಾಮಿ ಒಳಗಿನವರೆಗೆ ಹುರಿಯಬೇಕು, ತಳದ ಸಕ್ಕರೆ ಕರಗಬೇಕು. ಸಕ್ಕರೆ ಕರಗಿ ಕಂದಾಗಲು ಸುಮಾರು 160 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಉರಿ ಜೋರಾದರೆ ಸಕ್ಕರೆ ಮೊದಲು ಕರಗಿಬಿಡುತ್ತದೆ, ಬಾದಾಮಿ ಮಾತ್ರ ಒಳಗೆ ಹಸಿಯಾಗಿ, ನೀರಲ್ಲಿ ಬೆಂದದ್ದರಿಂದ ಮೆತ್ತಗೆ ಉಳಿಯುತ್ತದೆ. ತಳದಲ್ಲಿ ಜೇನುಬಣ್ಣದ ದ್ರವ ಕಂಡೊಡನೆ ಅದನ್ನು ಸೌಟಿನಿಂದ ಕೆರೆದೆತ್ತಿ ಬಾದಾಮಿಯ ಮೇಲೆ ಹೊರಳಿಸಿ. ಮೂರರಿಂದ ಐದು ನಿಮಿಷದಲ್ಲಿ ಬಾದಾಮಿಗಳು ಒಂದೊಂದೇ ಹೊಳೆಯತೊಡಗುತ್ತವೆ. ಅಂಚಿನಿಂದ ಹೊಗೆ ಎದ್ದರೆ ಬಾಣಲೆಯನ್ನೇ ಒಲೆಯಿಂದ ಎತ್ತಿಹಿಡಿದು ಕಲಕಿ.

ಎಲ್ಲಿ ನಿಲ್ಲಿಸಬೇಕು ಅನ್ನುವುದರಲ್ಲೇ ಇದರ ರುಚಿಯಿದೆ. ಮೂರರಲ್ಲಿ ಎರಡು ಪಾಲು ಮೈ ಹೊಳಪಾಗಿ, ಇನ್ನೊಂದು ಪಾಲು ಹರಳು ಹರಳಾಗಿಯೇ ಇರುವಾಗ ಒಲೆ ಆರಿಸಿ. ಸಂತೆಯ ಬಾದಾಮಿಗೆ ಇರುವ ಆ ಗಂಟುಗಂಟಾದ ಮೈ, ಮೊದಲು ಪುಡಿಯಾಗಿ ಆಮೇಲೆ ಕಟುಂ ಎನ್ನುವ ಕಡಿತ ಬರುವುದು ಹೀಗೆ ನಿಲ್ಲಿಸಿದಾಗಲೇ. ಪೂರ್ತಿ ಕರಗಿಸಿದರೆ ಗಾಜಿನಂಥ ಹೊದಿಕೆಯಾಗಿ ಒಂದಕ್ಕೊಂದು ಅಂಟಿ ಚಿಕ್ಕಿಯ ಥರ ಹಲಗೆಯಾಗುತ್ತದೆ. ತಿನ್ನಲು ಅದೂ ಚೆನ್ನ, ಆದರೆ ಅದು ಬೇರೆಯೇ ತಿನಿಸು. ಒಲೆ ಆರಿಸಿದ ಮೇಲೆ ವೆನಿಲಾ ಸಕ್ಕರೆ, ಉಳಿದ ಚಕ್ಕೆಪುಡಿ ಉದುರಿಸಿ ನಾಲ್ಕೈದು ಸಲ ತಿರುವಿ. ಚಕ್ಕೆಯನ್ನೆಲ್ಲ ಮೊದಲೇ ಹಾಕಿದರೆ ಪರಿಮಳ ಅರ್ಧಕ್ಕರ್ಧ ಹಾರಿಹೋಗುತ್ತದೆ, ತಳದಲ್ಲಿ ಕೂತ ಪುಡಿ ಸೀದು ಕಹಿಯಾಗುತ್ತದೆ.

ತಡಮಾಡದೆ ಟ್ರೇ ಮೇಲೆ ಸುರಿದು, ಎರಡು ಫೋರ್ಕ್‌ಗಳಿಂದ ಒಂದೊಂದೇ ಬಿಡಿಸಿ. ಒಂದು ನಿಮಿಷ ಮೀರಿದರೆ ಮುರಿದೇ ಬಿಡಿಸಬೇಕು. ಕೈ ಹಾಕಲೇಬೇಡಿ: ಕುದಿಯುವ ನೀರಿಗಿಂತ ಇದು ಎಷ್ಟೋ ಬಿಸಿ, ಜೊತೆಗೆ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ. ತಗುಲಿದರೆ ತಕ್ಷಣ ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಿರಿ. ತುಪ್ಪ, ಟೂತ್‌ಪೇಸ್ಟ್ ಹಚ್ಚಬೇಡಿ. ಬಿಸಿಯಲ್ಲಿ ಬಾದಾಮಿ ಮೆತ್ತಗಿರುವುದು ಸಹಜ. ಅರ್ಧ ಗಂಟೆ ಆರಿದ ಮೇಲೆ ಒಂದನ್ನು ಕಚ್ಚಿ ನೋಡಿ: ಒಳಗೆ ತಿಳಿಕಂದು ಬಂದು ಗರಿಯಾಗಿದ್ದರೆ ಹದ ಸರಿ. ಒಳಗಿನ್ನೂ ಅಚ್ಚಬಿಳಿ, ರಬ್ಬರಿನ ಹಾಗೆ ಇದ್ದರೆ ಮುಂದಿನ ಸಲ ಮರಳಿನ ಹಂತದಲ್ಲಿ ಉರಿ ಇನ್ನೂ ತಗ್ಗಿಸಿ ಎರಡು ನಿಮಿಷ ಹೆಚ್ಚು ಕೊಡಿ.

ಹತ್ತು ನಿಮಿಷವಾದರೂ ಪಾಕ ಬೆಳ್ಳಗಾಗದೆ ಅಂಟಾಗಿ ಎಳೆಯುತ್ತಿದ್ದರೆ ಬಾಣಲೆ ಕೆಳಗಿಳಿಸಿ ಒಂದು ಚಮಚ ಒಣ ಸಕ್ಕರೆ ಎರಚಿ ಜೋರಾಗಿ ಕಲಕಿ. ಆ ಹರಳುಗಳೇ ಬೀಜವಾಗಿ ಉಳಿದದ್ದೂ ಹರಳುಗಟ್ಟುತ್ತದೆ. ತಣ್ಣಗಾದ ಮೇಲೂ ಪೂರ್ತಿ ಬಿಳಿಪುಡಿಯಾಗಿಯೇ ಉಳಿದಿದ್ದರೆ ಏನೂ ಹಾಳಾಗಿಲ್ಲ, ಬಾಣಲೆಗೆ ವಾಪಸು ಹಾಕಿ ಕರಗಿಸಿ. ಕಪ್ಪಾಗಿ ಕಹಿಯಾದದ್ದಕ್ಕೆ ಮಾತ್ರ ಮದ್ದಿಲ್ಲ.

ಜರ್ಮನಿಯಲ್ಲೇ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ಒಂದು ಮಾತು. ಅಲ್ಲಿನ ಗಾಜಿನ ತಟ್ಟೆಯ ಕರೆಂಟ್ ಒಲೆ ಗ್ಯಾಸಿನಂತಲ್ಲ, ಗುಂಡಿ ತಿರುಗಿಸಿದರೂ ಬಿಸಿ ಬೇಗ ಇಳಿಯುವುದಿಲ್ಲ. ಉರಿ ತಗ್ಗಿಸಬೇಕಾದಾಗ ಬಾಣಲೆಯನ್ನೇ ಪಕ್ಕಕ್ಕೆ ಸರಿಸಿ. ಗಾಜಿನ ಮೇಲೆ ಸಕ್ಕರೆ ಚೆಲ್ಲಿದರೆ ಬಿಸಿಯಿರುವಾಗಲೇ ಕೆರೆಯುವ ಬ್ಲೇಡಿನಿಂದ ಜೋಪಾನವಾಗಿ ತೆಗೆಯಿರಿ. ಆರಿ ಗಟ್ಟಿಯಾದರೆ ಗಾಜಿನ ಮೇಲ್ಮೈಯನ್ನೇ ಕಿತ್ತು ಗುಳಿ ಬೀಳಿಸುತ್ತದೆ.

ಹೆಚ್ಚು ಬೇಕಾದರೆ ಅಳತೆ ದುಪ್ಪಟ್ಟು ಮಾಡಬೇಡಿ, ಎರಡು ಸಲ ಮಾಡಿ. ಬಾಣಲೆ ತುಂಬಿದರೆ ಮೇಲಿನ ಬಾದಾಮಿ ತಣ್ಣಗಾಗುತ್ತ, ಕೆಳಗಿನದು ಸೀಯುತ್ತ ಹೋಗುತ್ತದೆ. ಮೊದಲ ಸಲದ ಸಕ್ಕರೆ ಕಪ್ಪಾಗದೆ ತಳದಲ್ಲಿ ಅಂಟಿದ್ದರೆ ತೊಳೆಯುವುದೂ ಬೇಡ. ಎರಡನೇ ಸಲದ ನೀರು ಅದನ್ನು ತಾನೇ ಬಿಡಿಸಿಕೊಳ್ಳುತ್ತದೆ. ಇದೇ ಅಳತೆಗೆ ಹೇಝಲ್‌ನಟ್, ಸಿಪ್ಪೆ ಇರುವ ಹಸಿ ಕಡಲೆಕಾಯಿ ಬೀಜ ಒಗ್ಗುತ್ತವೆ. ಗೋಡಂಬಿ ಬೇಗ ಕೆಂಪಾಗುತ್ತದೆ, ಸೌಟಿನ ಪೆಟ್ಟಿಗೆ ಹೋಳಾಗುತ್ತದೆ; ಕೊನೆಯ ಹಂತದಲ್ಲಿ ಉರಿ ತೀರಾ ಸಣ್ಣಗಿರಲಿ.

ಪೂರ್ತಿ ಆರಿದ ಮೇಲಷ್ಟೇ ಬಿಗಿಮುಚ್ಚಳದ ಡಬ್ಬಿಗೆ ತುಂಬಿ. ಬೆಚ್ಚಗಿರುವಾಗ ಮುಚ್ಚಿದರೆ ಒಳಗೇ ಬೆವರಿ ಮಾರನೇ ದಿನಕ್ಕೆ ಅಂಟಂಟಾಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಕಾಗದದ ಪೊಟ್ಟಣ ಒಂದೆರಡು ಗಂಟೆಗಿಂತ ಹೆಚ್ಚು ತಡೆಯದು. ಫ್ರಿಜ್‌ನಲ್ಲೂ ಇಡಬೇಡಿ, ಹೊರಗೆ ತೆಗೆದಾಗ ನೀರಹನಿ ಕೂತು ಹೊದಿಕೆ ಕರಗುತ್ತದೆ. ಒಣ ಡಬ್ಬಿಯಲ್ಲಿ ಎರಡು ವಾರ ಗರಿಯಾಗಿಯೇ ಇರುತ್ತದೆ. ಮೆತ್ತಗಾದರೆ 130 ಡಿಗ್ರಿಯ ಓವನ್‌ನಲ್ಲಿ ಒಂದೇ ಪದರವಾಗಿ ಹರಡಿ 10 ನಿಮಿಷ ಇಟ್ಟು, ಹೊರತೆಗೆದು ಆರಲು ಬಿಡಿ.