ಸೆಕ್ಷನ್ 41: ನೈರೋಬಿಯಲ್ಲಿ ನಾನು ನಡೆಸಿದ ವಿಚಾರಣೆ

ಪೀಣ್ಯದ ಕಾರ್ಖಾನೆಗಳಲ್ಲಿ ಎಚ್‌ಆರ್ ಕೆಲಸ ಮಾಡಿ ಹೋದವರಿಗೆ ಕೀನ್ಯಾದ ಕಾನೂನು ಮೊದಮೊದಲು ಬಲು ಹಗುರ ಅನ್ನಿಸುತ್ತದೆ. ನಮ್ಮಲ್ಲಿ ಒಬ್ಬನನ್ನು ಕೆಲಸದಿಂದ ತೆಗೆಯಬೇಕೆಂದರೆ ಆರೋಪಪಟ್ಟಿ, ವಿಚಾರಣಾಧಿಕಾರಿ, ಸಾಕ್ಷಿ, ಪಾಟೀಸವಾಲು ಅಂತ ತಿಂಗಳುಗಟ್ಟಲೆ ಎಳೆಯುತ್ತದೆ. ಅಲ್ಲಿ 2007ರ ಎಂಪ್ಲಾಯ್‌ಮೆಂಟ್ ಆಕ್ಟ್‌ನ 41ನೇ ಸೆಕ್ಷನ್ ಕೇಳುವುದು ಇಷ್ಟೇ: ತೆಗೆಯುವ ಮುನ್ನ ಕಾರಣವನ್ನು ನೌಕರನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು, ಅವನು ಆರಿಸಿಕೊಂಡ ಸಹೋದ್ಯೋಗಿ ಇಲ್ಲವೇ ಯೂನಿಯನ್ ಪ್ರತಿನಿಧಿ ಜತೆಗಿರಲು ಬಿಡಬೇಕು, ಇಬ್ಬರ ಮಾತನ್ನೂ ಕೇಳಬೇಕು. ಮನಸ್ಸು ಮಾಡಿದರೆ ಒಂದು ಬೆಳಗ್ಗೆಯ ಕೆಲಸ. ಆದರೆ ಕಳ್ಳತನವಾಗಲಿ, ಕುಡಿದು ಬಂದಿರಲಿ, ವಿನಾಯಿತಿ ಇಲ್ಲ. ಈ ಹೆಜ್ಜೆ ತಪ್ಪಿದರೆ ಕಾರಣ ಎಷ್ಟೇ ಗಟ್ಟಿಯಿದ್ದರೂ ಮಾಲೀಕನ ಕೇಸು ಬಿದ್ದುಹೋಗುತ್ತದೆ. ಕೋರ್ಟು 12 ತಿಂಗಳ ಸಂಬಳದವರೆಗೂ ಪರಿಹಾರ ಹಾಕಬಹುದು.

ನಾನಿದ್ದದ್ದು ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಒಂದು ಪ್ಯಾಕೇಜಿಂಗ್ ಕಾರ್ಖಾನೆಯಲ್ಲಿ. ಗೋದಾಮಿನಲ್ಲಿ ಪ್ಲಾಸ್ಟಿಕ್ ದಾನಾ ಮೂಟೆಗಳು ಲೆಕ್ಕಕ್ಕೆ ಸಿಗಲಿಲ್ಲ. ಸಂಜೆಯೊಳಗೆ ಮಾಲೀಕರ ತೀರ್ಪು ಬಂದಾಗಿತ್ತು: "ಸ್ಟೋರ್‌ಕೀಪರ್‌ನ ಗೇಟಿಂದ ಆಚೆ ಹಾಕಿ. ಉಳಿದದ್ದು ಆಮೇಲೆ." ನಾನು ಅವನನ್ನು ಸಂಬಳ ಸಹಿತ ಅಮಾನತಿನಲ್ಲಿಟ್ಟು ಕಾರಣ ಕೇಳುವ ಷೋ ಕಾಸ್ ಪತ್ರ ಕೊಟ್ಟೆ. ಅದರಲ್ಲಿ ಅಪ್ರಾಮಾಣಿಕತೆ, ನಂಬಿಕೆದ್ರೋಹ ಎಂಬ ದೊಡ್ಡ ಮಾತುಗಳಿರಲಿಲ್ಲ. ಯಾವ ದಿನ, ಯಾವ ಪಾಳಿ, ರಿಜಿಸ್ಟರ್‌ನಲ್ಲಿ ಎಷ್ಟು, ಎಣಿಸಿದಾಗ ಎಷ್ಟು, ಅಷ್ಟೇ. ರಿಜಿಸ್ಟರ್ ಪುಟದ ಜೆರಾಕ್ಸ್, ಗೇಟ್‌ಪಾಸ್‌ಗಳ ಪ್ರತಿ ಲಗತ್ತಿಸಿ, ಜತೆಗೊಬ್ಬರನ್ನು ಕರೆತರಬಹುದು ಅಂತ ಸ್ಪಷ್ಟವಾಗಿ ಬರೆದೆ.

ವಿಚಾರಣೆ ಸ್ವಾಹಿಲಿಯಲ್ಲೇ ನಡೆಯಿತು. ನನ್ನ ಸ್ವಾಹಿಲಿ ತರಕಾರಿ ಕೊಳ್ಳುವುದಕ್ಕೆ ಸಾಕು, ಒಬ್ಬನ ಅನ್ನದ ಪ್ರಶ್ನೆಗೆ ಸಾಲದು. ಅಕೌಂಟ್ಸ್ ವಿಭಾಗದವರೊಬ್ಬರನ್ನು ಅನುವಾದಕ್ಕೆ ಕೂರಿಸಿ, ಅದನ್ನೂ ನಡಾವಳಿಯಲ್ಲಿ ಬರೆಸಿದೆ. ದೂರು ಕೊಟ್ಟ ಗೋದಾಮಿನ ಮ್ಯಾನೇಜರ್ ಸಾಕ್ಷಿ ಹೇಳಿ ಎದ್ದುಹೋಗಬೇಕು, ತೀರ್ಮಾನ ಮಾಡುವವರ ಸಾಲಿನಲ್ಲಿ ಕೂರಬಾರದು ಅಂತ ಹಟ ಹಿಡಿದೆ. ಸ್ಟೋರ್‌ಕೀಪರ್ ಜತೆ ಬಂದ ಶಾಪ್ ಸ್ಟೂವರ್ಡ್, ಅಂದರೆ ಕಾರ್ಖಾನೆಯೊಳಗಿನ ಯೂನಿಯನ್ ಪ್ರತಿನಿಧಿ, ಹಿರಿಯ ಮಷಿನ್ ಆಪರೇಟರ್. ಮ್ಯಾನೇಜರ್ ಮಾತಾಡುವಷ್ಟು ಹೊತ್ತೂ ಅವರು ತುಟಿಬಿಚ್ಚದೆ ಗೇಟ್‌ಪಾಸ್‌ಗಳನ್ನು ಮೇಜಿನ ಮೇಲೆ ವೇಳೆ ಪ್ರಕಾರ ಜೋಡಿಸುತ್ತಿದ್ದರು. ಲೆಕ್ಕ ತಪ್ಪಿದ ದಿನಗಳ ಪಾಸ್‌ಗಳೆಲ್ಲ ರಾತ್ರಿ ಪಾಳಿಯವು. ಸ್ಟೋರ್‌ಕೀಪರ್ ಹಗಲಿನವನು.

"ರಾತ್ರಿ ಬೀಗದಕೈ ಯಾರ ಹತ್ತಿರ ಇರುತ್ತೆ, ಬ್ವಾನಾ (ಸ್ವಾಮಿ)?" ಅಂತ ಸ್ಟೂವರ್ಡ್ ಕೇಳಿದರು.

ಮ್ಯಾನೇಜರ್ ನನ್ನ ಮುಖ ನೋಡಿದರು. ಬೀಗದಕೈ ಇರುತ್ತಿದ್ದದ್ದು ಅವರ ಕೋಣೆಯ ಬೀಗವಿಲ್ಲದ ಡ್ರಾಯರ್‌ನಲ್ಲಿ.

ಕಳ್ಳತನದ ಆರೋಪ ಅಲ್ಲಿಗೆ ಬಿತ್ತು. ಸರಕು ಎಣಿಸದೆ ರಿಜಿಸ್ಟರ್ ತುಂಬುತ್ತಿದ್ದೆ ಅಂತ ಸ್ಟೋರ್‌ಕೀಪರ್ ಒಪ್ಪಿಕೊಂಡ, ಅದಕ್ಕೆ ಲಿಖಿತ ಎಚ್ಚರಿಕೆ ಕೊಟ್ಟೆವು. ಮಾಲೀಕರಿಗೆ ಸಮಾಧಾನವಾಗಲಿಲ್ಲ. ಅವರ ಪಾಲಿಗೆ ವಿಚಾರಣೆ ಅಂದರೆ ತೆಗೆಯುವ ಮುಂಚಿನ ಒಂದು ಶಾಸ್ತ್ರ. ಅವರೊಬ್ಬರೇ ಅಲ್ಲ, ಎಚ್‌ಆರ್‌ನವರಲ್ಲೂ ಎಷ್ಟೋ ಜನ ಹಾಗೇ ತಿಳಿದಿದ್ದಾರೆ. ಆದರೆ 43ನೇ ಸೆಕ್ಷನ್ ಪ್ರಕಾರ ಕಾರಣ ಸಾಬೀತು ಮಾಡುವ ಹೊಣೆ ಮಾಲೀಕನದು. ಆ ಹೊತ್ತಿಗೆ ಅವನು ನಿಜಕ್ಕೂ ನಂಬಿದ್ದ ಕಾರಣವಿದ್ದರೆ ಸಾಕು ಅನ್ನುವ ಸಡಿಲಿಕೆ ಅದರಲ್ಲಿದೆ, ಸರಿ. ಗೇಟ್‌ಪಾಸ್‌ನ ವೇಳೆ ಕಣ್ಣಿಗೆ ಬಿದ್ದ ಮೇಲೂ ನಂಬಿದ್ದೆ ಅಂತ ಯಾವ ಬಾಯಲ್ಲಿ ಹೇಳುವುದು?

ಇದೇ ವಿಚಾರಣೆಯಿಂದ ಇನ್ನೊಂದು ಹುಳುಕು ಹೊರಬಂತು. ರಾತ್ರಿ ಲೋಡಿಂಗ್ ಮಾಡುತ್ತಿದ್ದವರೆಲ್ಲ ಅಲ್ಲಿ 'ಕಿಬಾರುವಾ' ಅನ್ನುವ ದಿನಗೂಲಿಯವರು. ವರ್ಷಗಟ್ಟಲೆ ಅದೇ ಗೇಟಿಗೆ ಬಂದವರು. 37ನೇ ಸೆಕ್ಷನ್ ಪ್ರಕಾರ ಸತತವಾಗಿ ದುಡಿದ ದಿನಗಳು ಒಟ್ಟು ಒಂದು ತಿಂಗಳಿಗೆ ಸಮವಾದರೆ ಅವರು ದಿನಗೂಲಿಯವರಾಗಿ ಉಳಿಯುವುದಿಲ್ಲ, ತೆಗೆಯಬೇಕಾದರೆ 28 ದಿನದ ಲಿಖಿತ ನೋಟಿಸು ಬೇಕು. ಯೂನಿಯನ್ನಿನವರಿಗೆ ಇದು ಗೊತ್ತಿತ್ತು, ಕೇಳಲು ನೆಪ ಸಿಕ್ಕಿರಲಿಲ್ಲ.

ಈ ದಿನಗೂಲಿಯವರಿಗೆ ನೇಮಕಾತಿ ಪತ್ರ ಕೊಡಲು ಮಾಲೀಕರು ಕೊನೆಗೂ ಒಪ್ಪಿದರು. ಜಗಳ ಉಳಿದದ್ದು ಸೇವೆ ಶುರುವಾದ ದಿನಾಂಕದ ಮೇಲೆ. ಪತ್ರದ ದಿನಾಂಕವೇ ಇರಲಿ ಅಂತ ಆಫೀಸಿನವರು. ವರ್ಷಗಳ ಲೆಕ್ಕ ಬೇಕು ಅಂತ ಇವರು. ಗೇಟಿನ ಅಸ್ಕಾರಿಯ (ಕಾವಲುಗಾರನ) ಹಳೆಯ ಹಾಜರಿ ಪುಸ್ತಕಗಳನ್ನು ತರಿಸಿ, ಪ್ರತಿಯೊಬ್ಬರ ಹೆಸರು ಮೊದಲು ಕಾಣಿಸಿಕೊಂಡ ತಾರೀಖನ್ನೇ ಬರೆಸಿ ಸಹಿ ಹಾಕಿಸಿದೆ.