ಸಂಜೆ ನಾಲ್ಕೂವರೆಯ ಸೂಸಲ

"ಗುಳಿಗಿ ಮಾಡೂ ಕೆಲಸ ಹಿಂಡಿ ಮಾಡತೈತೇನ್ರಿ ಅಕ್ಕಾರ?" ಎಂದು ನಮ್ಮ ಟ್ರಸ್ಟಿನ ಹಿರಿಯರೊಬ್ಬರು ಎಲ್ಲರೆದುರು ಕೇಳಿ ನಕ್ಕಿದ್ದರು. ಮಾನಸಿಕ ಕಾಯಿಲೆಯವರ ಮನೆಯಲ್ಲಿ ಊಟ ಬದಲಿಸಿ ನೋಡೋಣ ಅಂದಿದ್ದಕ್ಕೆ ಆ ಮಾತು. ಹಿಂಡಿ ಅಂದರೆ ನಮ್ಮ ಕಡೆಯ ಚಟ್ನಿಪುಡಿ. ಎರಡು ವರ್ಷದ ಮೇಲಾಯಿತು. ಹೋದ ತಿಂಗಳು ಅವರೇ ಪಕ್ಕದ ಜಿಲ್ಲೆಯಿಂದ ನಾಲ್ಕು ಜನರನ್ನು ಕರೆದುಕೊಂಡು ಬಂದು "ನಮ್ಮ ಅಡಿಗಿಮನಿ ನೋಡ್ರಿ" ಅಂದರು. ಆ ಖುಷಿಗೇ ಬರೆಯುತ್ತಿದ್ದೇನೆ ಅಂದುಕೊಳ್ಳಿ.

ನಾನು ಮೊದಲು ಹುಬ್ಬಳ್ಳಿಯಲ್ಲಿ ಹನ್ನೊಂದು ವರ್ಷ ಖಾನಾವಳಿ ನಡೆಸಿದವಳು. ಈಗ ಧಾರವಾಡದ ಹತ್ತಿರ, ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುವವರು ಇರುವ ಒಂದು ಮನೆಯಲ್ಲಿ ಅಡುಗೆ ಉಸ್ತುವಾರಿ. 22 ಜನ, ಕೆಲವೊಮ್ಮೆ 24. ಇಂಥ ಮನೆ ನಡೆಸುವವರಿಗೆ ಬಿಡಿಸಿ ಹೇಳುವುದು ಬೇಕಿಲ್ಲ. ಡಾಕ್ಟರು ತಿಂಗಳಿಗೆ ಎರಡು ಸಲ ಬರುತ್ತಾರೆ. ಗುಳಿಗೆ ನರ್ಸ್ ಕೈಯಲ್ಲಿ, ತಾಟು ನನ್ನ ಕೈಯಲ್ಲಿ.

ಬಂದ ಹೊಸದರಲ್ಲಿ ನನಗೆ ಒಂದೇ ಸಂಗತಿ ಕಾಡುತ್ತಿತ್ತು. ಬೆಳಗ್ಗೆ ಎಲ್ಲ ಸರಿ ಇರುತ್ತಿತ್ತು. ಸಂಜೆಯಾದರೆ ಚೀರಾಟ, ಅಳು, ತಳ್ಳಾಟ. ಖಾನಾವಳಿಯ ಉದ್ರಿ ಪುಸ್ತಕ ಒಂದು ಖಾಲಿ ಉಳಿದಿತ್ತು. ಗಲಾಟೆ ಆದಾಗೆಲ್ಲ ಅದರಲ್ಲಿ ಒಂದು ಗೀಟು, ಪಕ್ಕದಲ್ಲಿ ಗಂಟೆ. ಒಂದು ತಿಂಗಳಿಗೆ ಮೂವತ್ತೋ ಮೂವತ್ತೆರಡೋ ಗೀಟು ಬಿದ್ದವು. ಅದರಲ್ಲಿ ಇಪ್ಪತ್ತರಷ್ಟು ಸಂಜೆ 5ರಿಂದ 7ರೊಳಗೆ.

ಖಾನಾವಳಿ ನಡೆಸಿದವರಿಗೆ ಇದು ಕೂಡಲೇ ಹೊಳೆಯುತ್ತದೆ. ಮಧ್ಯಾಹ್ನ 12:30ಕ್ಕೆ ಊಟ, ರಾತ್ರಿ 8:30ಕ್ಕೆ ಊಟ. ನಡುವೆ ಎಂಟು ತಾಸು. 4 ಗಂಟೆಗೆ ಸಕ್ಕರೆ ಚಹಾ, ಎರಡು ಬಿಸ್ಕತ್ತು. 6 ಗಂಟೆಗೆ ಮತ್ತೆ ಚಹಾ. ಅದರ ಮೇಲೆ ಅರ್ಧ ಜನ ಓಲಾಂಜಪಿನ್ ಅನ್ನುವ ಮಾನಸಿಕ ಕಾಯಿಲೆಯ ಗುಳಿಗೆಯ ಮೇಲೆ ಇದ್ದಾರೆ. ಆ ಗುಳಿಗೆ ಎಂಥ ಹಸಿವು ತರುತ್ತದೆ ಅಂತ ನಿಮಗೆ ಗೊತ್ತು. ಉಂಡು ಕೈ ತೊಳೆಯುವಷ್ಟರಲ್ಲಿ ಮತ್ತೆ ಹಸಿವು. ನನಗಿಂತ ಮುಂಚೆ ಇದ್ದವರು ಅದಕ್ಕೆ ಕಂಡುಕೊಂಡಿದ್ದ ಉಪಾಯ ಏನು? ಉಗ್ರಾಣಕ್ಕೆ ಎರಡು ಬೀಗ. ಬಿಸ್ಕತ್ತು ತೆಗೆದವನಿಗೆ "ಕಳ್ಳ" ಅಂತ ಹೆಸರು.

ನಾನೂ ಮೊದಲು ಜಾಣತನ ತೋರಿಸಲು ಹೋಗಿ ಮೂರು ಸಲ ಬಿದ್ದೆ.

ಮೊದಲನೆಯದು ನವಣೆ. ದಾನಿಗಳೊಬ್ಬರು ಸಿರಿಧಾನ್ಯದ ಮೇಲೆ ಭಾಷಣ ಮಾಡಿ ಹೋದರು. ನಾನೂ ಹುರುಪಿಗೆ ಬಿದ್ದು ಒಂದೇ ದಿನದಲ್ಲಿ ಅನ್ನ ನಿಲ್ಲಿಸಿ ನವಣೆ ಬಡಿಸಿದೆ. ಯಾರಿಗೂ ಹೇಳಿರಲಿಲ್ಲ. ಒಂದು ವಾರಕ್ಕೆ ಹತ್ತು ಕಿಲೋದಷ್ಟು ಹಂದಿಯ ಪಾಲಾಯಿತು. ಎರಡೂವರೆ ಸಾವಿರದ ಹತ್ತಿರ ಲುಕ್ಸಾನು. ದುಡ್ಡು ಹೋಗಲಿ. ಅರವತ್ತು ದಾಟಿದ ಕಾಕಾ ಒಬ್ಬರು ತಾಟಿನ ಮುಂದೆ ಕೂತು ಅತ್ತರು. "ಅನ್ನ ಎಲ್ಲೈತವ್ವಾ? ನಾ ಏನ್ ತಪ್ಪ ಮಾಡೇನಿ?" ಅವರು ಅದನ್ನು ಶಿಕ್ಷೆ ಅಂದುಕೊಂಡಿದ್ದರು. ಮನೆ, ಹೊಲ, ಹೆಂಡತಿ ಎಲ್ಲ ಕೈಬಿಟ್ಟು ಹೋದವರು. ಉಳಿದಿದ್ದ ಒಂದು ಮುದ್ದೆ ಅನ್ನವನ್ನೂ ನಾನು ಹೇಳದೆ ಕೇಳದೆ ಕಿತ್ತುಕೊಂಡಿದ್ದೆ. ಅವತ್ತು ರಾತ್ರಿ ನನಗೂ ಊಟ ಸೇರಲಿಲ್ಲ.

ಎರಡನೆಯದು ಚಹಾ. ಒಮ್ಮೆಲೇ ಬಂದ್ ಮಾಡಿದೆ. ಎರಡನೇ ದಿನಕ್ಕೆ ಎಲ್ಲರಿಗೂ ತಲೆನೋವು, ಮೂರನೇ ದಿನ ಗೀಟುಗಳು ದುಪ್ಪಟ್ಟು. ಡಾಕ್ಟರಿಗೆ ಫೋನ್ ಮಾಡಿದರೆ ಅವರು ಬೈದರು. ಕ್ಲೋಜಪಿನ್ (ಅದೂ ಅಂಥದ್ದೇ ಒಂದು ಗುಳಿಗೆ) ತಗೊಳ್ಳುವವರಿಗೆ ಚಹಾ ಕಾಫಿ ಹಠಾತ್ ನಿಲ್ಲಿಸಿದರೆ ರಕ್ತದಲ್ಲಿ ಔಷಧಿ ಮಟ್ಟ ಇಳಿಯುತ್ತದಂತೆ. ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ತಗೊಳ್ಳುವವರಿಗೆ ತಿರುಗಾಮುರುಗಾ, ಏರುತ್ತದಂತೆ. "ಅಡುಗೆಮನೆಯಲ್ಲಿ ಏನೇ ಬದಲಿಸುವ ಮೊದಲು ನನಗೆ ಒಂದು ಮಾತು ಹೇಳಿ" ಅಂದರು.

ಹೇಳಿದೆನಾ? ಇಲ್ಲ. ಮೂರನೆಯ ತಪ್ಪು ಅದೇ. ಬಿಪಿ ಇದ್ದವರು ಆರು ಜನ ಇದ್ದಾರೆ ಅಂತ ಎಲ್ಲರ ಸಾರಿಗೂ ಉಪ್ಪು ಅರ್ಧ ಮಾಡಿದೆ. ಲಿಥಿಯಂ ಮೇಲೆ ಇದ್ದವರು ಮೂವರು. ಉಪ್ಪು ಒಮ್ಮೆಗೇ ಕಡಿಮೆಯಾದರೆ ಮೈ ಲಿಥಿಯಂ ಹಿಡಿದಿಟ್ಟುಕೊಳ್ಳುತ್ತದೆ, ಅದು ವಿಷವಾಗುವ ಮಟ್ಟಕ್ಕೂ ಹೋಗಬಹುದು. ಒಬ್ಬಳ ಕೈ ನಡುಗತೊಡಗಿದ್ದು ನರ್ಸ್ ಕಣ್ಣಿಗೆ ಬಿತ್ತು. ರಕ್ತ ಪರೀಕ್ಷೆ ಮಾಡಿಸಿದರು, ದೇವರು ದೊಡ್ಡವನು, ಬೇಗ ಗೊತ್ತಾಯಿತು. ಅವತ್ತಿನಿಂದ ಯಾರು ಯಾವ ಗುಳಿಗೆ ಅನ್ನುವ ಚೀಟಿ ನನ್ನ ಒಲೆಯ ಹಿಂದಿನ ಗೋಡೆಗೆ ಅಂಟಿಸಿದೆ. ಬೇಸಿಗೆಯಲ್ಲಿ ಆ ಮೂವರಿಗೆ ನೀರು ಮಜ್ಜಿಗೆ ನಾನೇ ಎಣಿಸಿ ಕುಡಿಸುತ್ತೇನೆ.

ಆಮೇಲೆ ಮಾಡಿದ್ದು ಬಹಳ ಸಣ್ಣ ಕೆಲಸ. ಸಂಜೆ 4:30ಕ್ಕೆ ಹೊಟ್ಟೆ ತುಂಬುವ ತಿನಿಸು. ರಾತ್ರಿ ಊಟ 7:30ಕ್ಕೆ. ಅಷ್ಟೇ.

ವಾರಕ್ಕೆ ಮೂರು ದಿನ ಮಡಕಿ ಕಾಳಿನ ಉಸುಳಿ, ಉಳಿದ ದಿನ ಚುರುಮುರಿ ಸೂಸಲ, ಅಂದರೆ ಮಂಡಕ್ಕಿ ಒಗ್ಗರಣೆ. 22 ಜನಕ್ಕೆ ಒಂದೂವರೆ ಕಿಲೋ ಚುರುಮುರಿ, ಅರ್ಧ ಕಿಲೋ ಶೇಂಗಾ, ಪುಟಾಣಿ ಹಿಟ್ಟು ಕೈ ಅಂದಾಜು. ಸೂಸಲ ಮಾಡುವುದನ್ನು ನಿಮಗೆ ಹೇಳಿಕೊಡಬೇಕಾ? ಒಂದು ಮಾತು ಮಾತ್ರ. ಜಾಸ್ತಿ ಮಂದಿಗೆ ಮಾಡುವಾಗ ಚುರುಮುರಿಯನ್ನು ಒಟ್ಟಿಗೆ ನೆನೆ ಹಾಕಬೇಡಿ. ನನ್ನ ಮೊದಲ ಪಾತೇಲಿ ಗೋಡೆಗೆ ಪೋಸ್ಟರ್ ಹಚ್ಚುವ ಅಂಟಾಗಿತ್ತು. ಜರಡಿಯಲ್ಲಿ ಅದ್ದಿ, ಹಿಂಡಿ, ನೇರ ಒಗ್ಗರಣೆಗೆ.

ಚಹಾ ಬಿಡಿಸಲಿಲ್ಲ. 6 ಗಂಟೆಯ ಚಹಾ ಮಾತ್ರ ಎಲ್ಲರಿಗೂ ಹೇಳಿ, ಡಾಕ್ಟರನ್ನು ಕೇಳಿ, ವಾರಕ್ಕೆ ಕಾಲು ಪಾಲು ಪುಡಿ ಇಳಿಸುತ್ತಾ ಬಂದೆ. ಪುಡಿ ಕಡಿಮೆ, ಶುಂಠಿ ಜಾಸ್ತಿ. ತಿಂಗಳಾದ ಮೇಲೆ ಅದು ಶುಂಠಿ ಹಾಲಾಗಿತ್ತು. ರಾತ್ರಿ ನಿದ್ದೆ ಎಷ್ಟು ಸುಧಾರಿಸಿತು ಅಂತ ರಾತ್ರಿ ಪಾಳಿಯ ಹುಡುಗನನ್ನು ಕೇಳಬೇಕು, ಅವನೇ ಈಗ ಗೊರಕೆ ಹೊಡೆಯುತ್ತಾನೆ.

ಇನ್ನೊಂದು ಕೆಲಸಕ್ಕೆ ಎಲ್ಲರೂ ವಿರೋಧ. ಉಗ್ರಾಣದ ಒಂದು ಬೀಗ ತೆಗೆದು, ಊಟದ ಕೋಣೆಯಲ್ಲಿ ಹುರಿದ ಶೇಂಗಾ ಪುಟಾಣಿಯ ಡಬ್ಬಿ ತೆರೆದಿಟ್ಟೆ. ಯಾರು ಬೇಕಾದರೂ, ಯಾವಾಗ ಬೇಕಾದರೂ. "ಒಂದ ದಿನಕ್ಕ ಖಾಲಿ ಆಗತೈತಿ" ಅಂದರು. ಆಯಿತು. ಮೊದಲ ನಾಲ್ಕು ದಿನ ದಿನಕ್ಕೆ ಮೂರು ಕಿಲೋ. ನನ್ನ ಎದೆ ಡವಡವ, ಏಕೆಂದರೆ ಆ ದುಡ್ಡು ನಾನು ಕೈಯಿಂದ ಹಾಕಿದ್ದು. ಐದನೇ ದಿನ ಅರ್ಧ ಡಬ್ಬಿ ಉಳಿಯಿತು. ಮೂರು ವಾರಕ್ಕೆ ದಿನಕ್ಕೆ ಆರುನೂರು ಗ್ರಾಮಿಗೆ ಬಂದು ನಿಂತಿತು. ಬೀಗ ಇದ್ದಾಗಲೇ ಕಳ್ಳತನ ಜಾಸ್ತಿ ಇತ್ತು ಕಣ್ರೀ. ಒಂದು ಎಚ್ಚರಿಕೆ: ಔಷಧಿಯಿಂದ ನುಂಗಲು ತೊಂದರೆ ಇರುವ ಇಬ್ಬರು ಹಿರಿಯರಿದ್ದಾರೆ. ಇಡೀ ಶೇಂಗಾ ಗಂಟಲಿಗೆ ಸಿಕ್ಕೀತು. ಅವರಿಗೆ ಪುಡಿ ಮಾಡಿ ಮೊಸರಿನಲ್ಲಿ.

ಊಟಕ್ಕೆ ದಿನಾ ಅಗಸಿ ಹಿಂಡಿ. ಅಗಸಿ ಹುರಿದು, ಬೆಳ್ಳುಳ್ಳಿ, ಕೆಂಪು ಮೆಣಸಿನಕಾಯಿ, ಉಪ್ಪು. ಹುರಿಯುವಾಗ ನಾನು ಇನ್ನೊಂದು ಸಾಮಾನು ಹಾಕುತ್ತೇನೆ, ಅದನ್ನು ಹೇಳುವುದಿಲ್ಲ. ಅಗಸಿಯ ಕಹಿ ಅದರಿಂದಲೇ ಹೋಗುವುದು. ಹಿಂಡಿಯನ್ನು ಎರಡು ಖಾನಾವಳಿಗಳಿಗೆ ಮಾರಿಯೂ ನೋಡಿದೆವು. ತಿಂಗಳಿಗೆ ಎಂಟು ಹತ್ತು ಕಿಲೋ ಹೋಗುತ್ತದೆ, ಕೈಗೆ ಒಂದೂವರೆ ಸಾವಿರ ಉಳಿಯುತ್ತದೆ. ಕುಟ್ಟುವ ಮೂವರಿಗೆ ಅದರಲ್ಲಿ ಪಾಲು. ಅವರಲ್ಲಿ ಒಬ್ಬಳು ಆ ದುಡ್ಡಿನಿಂದ ತಂಗಿಗೆ ಬಳೆ ಕಳಿಸಿದಳು.

ಡಾಕ್ಟರು ಒಮ್ಮೆ ಆಸ್ಟ್ರೇಲಿಯಾದ ಒಂದು ಪ್ರಯೋಗದ ಬಗ್ಗೆ ಹೇಳಿದರು. 2017ರದು. ಖಿನ್ನತೆ ಇದ್ದ 67 ಜನ, 12 ವಾರ. ಅರ್ಧ ಜನಕ್ಕೆ ಊಟ ಬದಲಿಸಿದರು, ಇನ್ನರ್ಧಕ್ಕೆ ಜೊತೆಗೆ ಕೂತು ಮಾತಾಡಿದರು. ಊಟ ಬದಲಿಸಿದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಖಿನ್ನತೆ ಇಳಿಯಿತು, ಬರೀ ಮಾತಿನವರಲ್ಲಿ ನೂರಕ್ಕೆ ಎಂಟು. ಅಲ್ಲಿ ಆಲಿವ್ ಎಣ್ಣೆ, ಮೀನು. "ನಮ್ಮಲ್ಲಿ ಶೇಂಗಾ, ಅಗಸಿ, ಕಾಳು ಸಾಕೇನ್ರಿ?" ಅಂದೆ. ನಕ್ಕರು, ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆದರೆ ಎಲ್ಲರಿಗೂ ರಕ್ತದಲ್ಲಿ ಬಿ12 ವಿಟಮಿನ್ ನೋಡಿಸಿದರು. ಎಂಟೋ ಒಂಬತ್ತೋ ಜನಕ್ಕೆ ಕಡಿಮೆ ಇತ್ತು, ಹೆಚ್ಚಿನವರು ಮೊಟ್ಟೆ ಮುಟ್ಟದವರು. ಬಿ12 ಕಾಳುಪಲ್ಯದಲ್ಲಿ ಸಿಗುವುದಿಲ್ಲ. ಅಲ್ಲಿ ನನ್ನ ಹಿಂಡಿಯ ಆಟ ನಡೆಯಲಿಲ್ಲ, ಗುಳಿಗೆಯೇ ಬೇಕಾಯಿತು.

ಲೆಕ್ಕ ಕೇಳುತ್ತೀರಿ, ಹೇಳುತ್ತೇನೆ. ಮೊದಲು ತಲೆಗೆ ದಿನಕ್ಕೆ 88 ರೂಪಾಯಿ ಬೀಳುತ್ತಿತ್ತು. ಮೊದಲ ತಿಂಗಳು 101ಕ್ಕೆ ಹೋಯಿತು, ಟ್ರಸ್ಟಿನವರ ಮುಖ ನೋಡಬೇಕಿತ್ತು. ಆದರೆ ಬಿಸ್ಕತ್ತಿನ ಖರ್ಚು ನಿಂತಿತು. ಸಕ್ಕರೆ ತಿಂಗಳಿಗೆ 30 ಕಿಲೋದಿಂದ 17ಕ್ಕೆ ಇಳಿಯಿತು. ಎರಡು ಬಕೆಟ್ ಮುಸುರೆ ಅರ್ಧ ಬಕೆಟ್ ಆಯಿತು. ಆರನೇ ತಿಂಗಳಿಗೆ 94ರ ಆಸುಪಾಸು. ಅಂದರೆ ಇಡೀ ಮನೆಗೆ ತಿಂಗಳಿಗೆ ನಾಲ್ಕು ಸಾವಿರದಷ್ಟು ಜಾಸ್ತಿ. ಒಬ್ಬರನ್ನು ರಾತ್ರೋರಾತ್ರಿ ಗಾಡಿ ಮಾಡಿ ಆಸ್ಪತ್ರೆಗೆ ಒಯ್ದರೆ ಅಷ್ಟು ಹೋಗುತ್ತದೆ.

ಗೀಟುಗಳು ಮೂರನೇ ತಿಂಗಳಿಗೆ ಹನ್ನೆರಡು. ಸಂಜೆಯವು ನಾಲ್ಕೋ ಐದೋ. ಅದೇ ಹೊತ್ತಿಗೆ ಇಬ್ಬರ ಔಷಧಿಯನ್ನೂ ಬದಲಿಸಿದ್ದರು, ಹಾಗಾಗಿ ಎಲ್ಲ ನನ್ನ ಸೂಸಲದ್ದೇ ಅನ್ನಲಾರೆ. ಯಾರ ಗುಳಿಗೆಯೂ ನಿಂತಿಲ್ಲ. ತೂಕವೂ ಇಳಿಯಲಿಲ್ಲ, ಏರುವುದು ನಿಂತಿತು ಅಷ್ಟೇ. ಆದರೆ ಸಂಜೆ ಆರಕ್ಕೆ ಬಂದು ನೋಡಿ. ಕೇರಂ ಆಡುತ್ತಿರುತ್ತಾರೆ.

ಇಷ್ಟೆಲ್ಲ ಆದರೂ ಒಬ್ಬ ಹುಡುಗನಿಗೆ ಏನೂ ಹತ್ತಲಿಲ್ಲ. ಇಪ್ಪತ್ತಾರು ವಯಸ್ಸು. ಬಂದಾಗ ನಲವತ್ತೆರಡು ಕಿಲೋ ಇದ್ದ. ಊಟದಲ್ಲಿ ವಿಷ ಇದೆ ಅಂತ ಅವನ ಅನುಮಾನ. ನಾನು ಅವನ ಮುಂದೆಯೇ ಸಾರು ಕುಡಿದು ತೋರಿಸಿದೆ. "ನೀವು ಆ ಕಡೆಯಿಂದ ತಗೊಂಡ್ರಿ" ಅಂದ. ವಾದ ಮಾಡಿದಷ್ಟೂ ದೂರ ಸರಿದ. ಒಂದು ದಿನ ಅವನ ತಾಯಿ ಬಂದಾಗ ಅಡುಗೆಮನೆಯಲ್ಲಿ ಕೂರಿಸಿ ಚಹಾ ಕೊಟ್ಟೆ. ಸೆರಗು ಬಾಯಿಗೆ ಇಟ್ಟುಕೊಂಡು ಹೇಳಿದಳು: ಎರಡು ವರ್ಷ ಮನೆಯಲ್ಲಿ ಗುಳಿಗೆಯನ್ನು ಅರೆದು ಅವನ ಸಾರಿನಲ್ಲಿ ಹಾಕುತ್ತಿದ್ದರಂತೆ. ಅವನಿಗೆ ಗೊತ್ತಾಗಿ ಹೋಗಿತ್ತು.

ಅವನ ಅನುಮಾನಕ್ಕೆ ಬುಡ ಇತ್ತು ನೋಡಿ. ನನಗೆ ಆ ತಾಯಿಯ ಮೇಲೆ ಸಿಟ್ಟು ಬರಲಿಲ್ಲ. ನಮ್ಮ ಅಣ್ಣನಿಗೆ ನಮ್ಮವ್ವ ಮಾಡಿದ್ದೂ ಅದೇ, ರೊಟ್ಟಿಯಲ್ಲಿ. ನಾನೇ ಎಷ್ಟೋ ಸಲ ಆ ತಾಟು ಒಯ್ದು ಕೊಟ್ಟಿದ್ದೇನೆ. ಆಮೇಲೆ ಅವನು ಮನೆಯಲ್ಲಿ ಉಣ್ಣುವುದನ್ನೇ ಬಿಟ್ಟ.

ಅವತ್ತು ಎರಡು ಕೆಲಸ ಮಾಡಿದೆ. ಗುಳಿಗೆ ಅಡುಗೆಮನೆಯ ಹೊಸ್ತಿಲು ದಾಟಬಾರದು ಅಂತ ನರ್ಸ್‌ಗೆ ಹೇಳಿದೆ, ಹುಡುಗನಿಗೂ ಕೇಳಿಸುವ ಹಾಗೆ. ಇನ್ನೊಂದು, ಅವನಿಗೆ ಅಡುಗೆ ಬಡಿಸುವುದನ್ನೇ ನಿಲ್ಲಿಸಿದೆ. ತಾಟಿನಲ್ಲಿ ಬಾಳೆಹಣ್ಣು, ಸುಲಿಯದ ಬೇಯಿಸಿದ ಮೊಟ್ಟೆ, ಸಿಪ್ಪೆ ಸಮೇತ ಶೇಂಗಾ. ಎಲ್ಲ ಅವನೇ ಬಿಚ್ಚಿ ತಿನ್ನುವಂಥದ್ದು. ಮೊದಲ ದಿನ ಮೊಟ್ಟೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ತೂತು ಹುಡುಕುತ್ತಿದ್ದ. ಸಿಗಲಿಲ್ಲ, ತಿಂದ. ಹದಿನೈದು ದಿನವಾದ ಮೇಲೆ ನಾನು ಶೇಂಗಾ ಸುಲಿಯುತ್ತಿದ್ದಾಗ ಬಂದು ಎದುರು ಕೂತ. ಮೊರ ಅವನ ಕಡೆ ಸರಿಸಿದೆ. ಮಾತಿಲ್ಲ. ಈಗ ದಿನದ ಶೇಂಗಾ ಅವನದೇ ಜವಾಬ್ದಾರಿ, ಹುಳುಕು ಒಂದೂ ಉಳಿಯುವುದಿಲ್ಲ. ತನ್ನ ಗುಳಿಗೆಯನ್ನು ನರ್ಸ್ ಮುಂದೆ, ಪೊಟ್ಟಣ ತಾನೇ ಒಡೆದು ನುಂಗುತ್ತಾನೆ. ತೂಕ 51.

ಸಾರು ಬ್ಯಾಳಿ ಮಾತ್ರ ಮುಟ್ಟುತ್ತಿರಲಿಲ್ಲ. ಹೋದ ಗುರುವಾರ ನಾನು ಅವನ ಪಕ್ಕದಲ್ಲೇ ಉಣ್ಣಲು ಕೂತಿದ್ದೆ. ರೊಟ್ಟಿಯ ಒಂದು ಚೂರು ಮುರಿದು, ನನ್ನ ತಾಟಿನ ಬ್ಯಾಳಿಗೆ ಅದ್ದಿ, ಬಾಯಿಗೆ ಹಾಕಿಕೊಂಡ. ನಾನು ಆ ಕಡೆ ತಿರುಗಿ ಮಜ್ಜಿಗೆ ಹಾಕಿಕೊಂಡೆ.