ವೆಲ್‌ನೆಸ್ ಕ್ಲಿನಿಕ್‌ಗೆ ಮೊದಲ ಸಲವೇ? ಮಾತ್ರೆ ಚೀಲ ಮರೆಯಬೇಡಿ

ಫಿಸಿಯೋಥೆರಪಿ, ಆಯುರ್ವೇದ, ಆಹಾರ ಸಲಹೆ, ಆಪ್ತಸಮಾಲೋಚನೆ ಎಲ್ಲವೂ ಒಂದೇ ಸೂರಿನಡಿ ಸಿಗುವ ಕ್ಲಿನಿಕ್‌ಗೆ ಮಂಡಿನೋವೆಂದು ಹೋದವರು ಮೂರು ಕೊಠಡಿ ಸುತ್ತಿ, ಮೂರು ಚೀಟಿ ಹಿಡಿದು ಹೊರಬರುವುದುಂಟು. ಒಂದು ಕೊಠಡಿಯಲ್ಲಿ ಹೇಳಿದ ಮಾತು ಪಕ್ಕದ ಕೊಠಡಿಗೂ ತಲುಪಿದೆ ಎಂದುಕೊಳ್ಳುವಲ್ಲೇ ಹೊಸಬರು ಎಡವುವುದು. ತಲುಪಿರುವುದಿಲ್ಲ ಎಂದುಕೊಂಡೇ ಹೋಗಿ.

ಹಿಂದಿನ ರಾತ್ರಿ

ಮಾತ್ರೆಗಳ ಹೆಸರು ಬರೆದುಕೊಳ್ಳುವ ಗೋಜು ಬೇಡ. ಮನೆಯಲ್ಲಿ ನುಂಗುತ್ತಿರುವುದನ್ನೆಲ್ಲ ಸ್ಟ್ರಿಪ್ ಸಮೇತ ಒಂದು ಚೀಲಕ್ಕೆ ಹಾಕಿ. ಕಷಾಯ, ಚೂರ್ಣ, ಲೇಹ್ಯವೂ ಅದೇ ಚೀಲಕ್ಕೆ. 'ಅದು ಔಷಧಿ ಅಲ್ಲ, ಮನೆಮದ್ದು' ಎಂದು ಬಿಟ್ಟುಬಂದದ್ದೇ ಹಲವು ಸಲ ತೊಡಕಾಗುತ್ತದೆ. ಕೆಮ್ಮಿಗೆಂದು ಜ್ಯೇಷ್ಠಮಧುವನ್ನು ವಾರಗಟ್ಟಲೆ ತಿಂದರೆ ರಕ್ತದೊತ್ತಡ ಏರಬಹುದು, ಪೊಟ್ಯಾಸಿಯಂ ಇಳಿಯಬಹುದು. ಅಶ್ವಗಂಧ ಥೈರಾಯ್ಡ್ ಹಾರ್ಮೋನ್ ಮಟ್ಟವನ್ನು ಏರುಪೇರು ಮಾಡಬಲ್ಲದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಸೂಜಿ ಚಿಕಿತ್ಸೆಗೆ, ಒತ್ತಿ ತಿಕ್ಕುವ ಮಸಾಜಿಗೆ ಮಲಗುವ ಮೊದಲೇ ಅದನ್ನು ಹೇಳಬೇಕು.

ಆಗಸ್ಟ್ ಮೊದಲ ವಾರದಲ್ಲಿ ಹೋಗುವವರಿಗೆ ನಮ್ಮ ಕೊಡಗಿನಲ್ಲಿ ಇನ್ನೊಂದು ಮಾತು. ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಉಂಡಿದ್ದರೆ ಮೂತ್ರ ಕೆಂಪಾಗುತ್ತದೆ. ಊರಿನವರಿಗೆ ಇದು ಗೊತ್ತು, ಹೊರಗಿನಿಂದ ಬಂದ ವೈದ್ಯರಿಗೆ ಗೊತ್ತಿರಬೇಕೆಂದಿಲ್ಲ. ಮೂತ್ರಪರೀಕ್ಷೆ ಇದ್ದರೆ ಮೊದಲೇ ತಿಳಿಸಿ.

ಬೆಳಿಗ್ಗೆ

ಖಾಲಿಹೊಟ್ಟೆಯ ಸಕ್ಕರೆ ಪರೀಕ್ಷೆಗೆ ಕನಿಷ್ಠ 8 ಗಂಟೆ ಏನೂ ತಿಂದಿರಬಾರದು, ನೀರು ಕುಡಿಯಬಹುದು. ಎದ್ದ ಕೂಡಲೇ ಕುಡಿಯುವ ಬೆಲ್ಲದ ಕಾಫಿ ಲೆಕ್ಕಕ್ಕಿಲ್ಲ ಎಂದುಕೊಳ್ಳುವವರು ತೀರಾ ಹೆಚ್ಚು. ಸಕ್ಕರೆ ಹಾಕದಿದ್ದರೇನು, ಬೆಲ್ಲವೂ ರಕ್ತದ ಸಕ್ಕರೆ ಏರಿಸುತ್ತದೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಗೆ ಮಾತ್ರ ಉಪವಾಸ ಬೇಡ.

ಅಭ್ಯಂಗ ಅಥವಾ ಬೆವರಿಸುವ ಚಿಕಿತ್ಸೆ ಇದ್ದರೆ ಊಟವಾಗಿ ಎರಡು ಗಂಟೆಯಾದರೂ ಕಳೆದಿರಲಿ. ಜ್ವರವಿದ್ದರೆ ಬೇರೆ ದಿನ ಕೇಳಿ. ಮಂಡಿ ತೋರಿಸಲು ಮೇಲಕ್ಕೆ ಮಡಚಲು ಬರುವ ಸಡಿಲ ಪ್ಯಾಂಟ್ ಸಾಕು.

ಕ್ಲಿನಿಕ್‌ನಲ್ಲಿ

ಬಸ್ಸಿಳಿದು ಏರು ಹತ್ತಿ, ಏದುಸಿರು ಬಿಡುತ್ತಲೇ ತೋಳು ಚಾಚಿದರೆ ಬಿಪಿ ಹೆಚ್ಚೇ ತೋರಿಸುತ್ತದೆ. ಐದು ನಿಮಿಷ ಬೆನ್ನೊರಗಿಸಿ, ಪಾದ ನೆಲಕ್ಕೂರಿ, ಮಾತಾಡದೆ ಕೂರಿ. ಅದಕ್ಕೂ ಮುಂಚೆ ಅರ್ಧ ಗಂಟೆ ಕಾಫಿ, ಸಿಗರೇಟು ಬೇಡ. ಮೂತ್ರ ಕಟ್ಟಿಕೊಂಡಿರಬೇಡಿ. ತೋಳು ಎದೆಮಟ್ಟದಲ್ಲಿರಲಿ.

ಫಿಸಿಯೋಥೆರಪಿಸ್ಟ್ ಎದುರು 'ಸೊಂಟನೋವು' ಅಂದರೆ ಅರ್ಧವೂ ಹೇಳಿದಂತಾಗಲಿಲ್ಲ. ಕಾಫಿ ಮೂಟೆ ಎತ್ತುವಾಗಲೇ, ಏಣಿ ಮೇಲೆ ನಿಂತು ಕರಿಮೆಣಸು ಕೊಯ್ಯುವಾಗಲೇ, ಇಳಿಜಾರಿನಲ್ಲಿ ಕೆಳಗಿಳಿಯುವಾಗಲೇ? ಯಾವ ಕಾಲಿಗೆ, ಎಲ್ಲಿಯತನಕ ಹರಿಯುತ್ತದೆ? ಆಡಿ ತೋರಿಸಿದರೆ ಇನ್ನೂ ಒಳ್ಳೆಯದು. ಪೇಸ್‌ಮೇಕರ್ ಇದ್ದರೆ, ಗರ್ಭಿಣಿಯಾಗಿದ್ದರೆ ವಿದ್ಯುತ್ ಚಿಕಿತ್ಸೆಯ ಯಂತ್ರ ಹಚ್ಚುವ ಮೊದಲೇ ತಿಳಿಸಿ. ಮಧುಮೇಹದಿಂದ ಪಾದ ಜೋಮು ಹಿಡಿದವರಿಗೆ ಬಿಸಿ ಪ್ಯಾಕ್ ಇಟ್ಟರೆ ಚರ್ಮ ಸುಟ್ಟರೂ ಗೊತ್ತಾಗದು.

ಆಹಾರತಜ್ಞರಿಗೆ 'ಸ್ವಲ್ಪ' ಎಂಬ ಮಾತು ಪ್ರಯೋಜನಕ್ಕೆ ಬಾರದು. ಅಕ್ಕಿ ಒಟ್ಟಿ ಎಷ್ಟು, ಕಡಂಬುಟ್ಟು ಎಷ್ಟು, ಎಣಿಸಿ ಹೇಳಿ. ಮದ್ಯವನ್ನೂ ಮುಚ್ಚಿಡಬೇಡಿ.

ಗೋಡೆಯ ಮೇಲೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಮತ್ತು ದರಪಟ್ಟಿ ಇದೆಯೇ ನೋಡಿ, ಅದು 2007ರ ಈ ಕಾಯ್ದೆಯಡಿ ಇರಬೇಕಾದದ್ದು. ಆಯುರ್ವೇದಕ್ಕೆ ಬಿಎಎಂಎಸ್, ಫಿಸಿಯೋಥೆರಪಿಗೆ ಬಿಪಿಟಿ ಓದಿದವರೇ ಎಂದು ಕೇಳುವುದರಲ್ಲಿ ಸಂಕೋಚವೇಕೆ? ಹತ್ತು ಸಿಟ್ಟಿಂಗ್‌ನ ಪ್ಯಾಕೇಜಿಗೆ ಮೊದಲ ದಿನವೇ ಹಣ ಕಟ್ಟಬೇಡಿ. ಎರಡು-ಮೂರು ಸಲ ಹೋಗಿ, ನೋವು ಕಡಿಮೆಯಾಗುತ್ತಿದೆಯೇ ನೋಡಿಕೊಂಡು ನಿರ್ಧರಿಸಿ.

ಹೊರಡುವ ಮುನ್ನ ಚೀಟಿಗಳನ್ನೆಲ್ಲ ಒಬ್ಬರೇ ವೈದ್ಯರ ಮುಂದಿಟ್ಟು 'ಇವೆಲ್ಲ ಜೊತೆಗೆ ತೆಗೆದುಕೊಳ್ಳಬಹುದೇ?' ಎಂದು ಕೇಳಿ. ವ್ಯಾಯಾಮಗಳನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ಮರುದಿನ ಸ್ನಾಯು ನೋಯುವುದು ಸಹಜ. ಎರಡು ದಿನ ಕಳೆದರೂ ಇಳಿಯದಿದ್ದರೆ ಫೋನ್ ಮಾಡಿ ವ್ಯಾಯಾಮ ಬದಲಿಸಿಕೊಳ್ಳಿ. ಸೊಂಟನೋವಿನ ಜೊತೆ ಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ 108ಕ್ಕೆ ಕರೆಮಾಡಿ ನೇರ ಆಸ್ಪತ್ರೆಗೆ ಹೋಗಿ.